ಕಾನೂನನ್ನು ಕೇರುವ ಮೊರ: ಸಂಸದೀಯ ಸಮಿತಿಗಳೂ ನಮ್ಮ ಹೊಣೆಯೂ

ಸಂಸತ್ತು ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗದ್ದಲ, ಘೋಷಣೆ, ಸಭಾತ್ಯಾಗಗಳ ಚಿತ್ರ. ಜನಪ್ರತಿನಿಧಿಗಳು ಪರಸ್ಪರ ಕೂಗಾಡುವುದನ್ನು ಕಂಡು, 'ಇವರೇನು ದೇಶ ನಡೆಸಿಯಾರು!' ಎಂದು ನಿಟ್ಟುಸಿರು ಬಿಡುವವರು ನಮ್ಮಲ್ಲಿ ಅನೇಕರು. ಆದರೆ ಕಾನೂನಿನ ನಿಜವಾದ ಪರಿಶೀಲನೆ ನಡೆಯಬೇಕಾದ ತಾಣ ಆ ಸಭಾಂಗಣವಷ್ಟೇ ಅಲ್ಲ. ಅದರ ಪಕ್ಕದ ಕೋಣೆಗಳಲ್ಲಿ, ಕ್ಯಾಮರಾಗಳ ಕಣ್ಣಿಗೆ ಬೀಳದೆ, ವಿವಿಧ ಪಕ್ಷಗಳ ಸದಸ್ಯರು ಒಂದೇ ಮೇಜಿನ ಸುತ್ತ ಕುಳಿತು ಮಸೂದೆಯ ಒಂದೊಂದು ಖಂಡವನ್ನೂ ಓದುತ್ತಾರೆ, ಅಧಿಕಾರಿಗಳನ್ನು ಪ್ರಶ್ನಿಸುತ್ತಾರೆ, ಸಾರ್ವಜನಿಕರ ಅಹವಾಲು ಕೇಳುತ್ತಾರೆ. ಇವೇ ಸಂಸದೀಯ ಸಮಿತಿಗಳು.

ಪತ್ರಿಕೆಯ ಒಳಪುಟದಲ್ಲಿ ಕೆಲವೊಮ್ಮೆ ಚಿಕ್ಕ ಅಕ್ಷರಗಳ ಒಂದು ಪ್ರಕಟಣೆ ಕಾಣಿಸಿಕೊಳ್ಳುವುದುಂಟು. ಇಂಥ ಮಸೂದೆ ಇಂಥ ಸಮಿತಿಯ ಪರಿಶೀಲನೆಯಲ್ಲಿದೆ, ಸಾರ್ವಜನಿಕರು ಇಷ್ಟು ದಿನಗಳೊಳಗೆ ತಮ್ಮ ಸಲಹೆಗಳನ್ನು ಲಿಖಿತವಾಗಿ ಕಳುಹಿಸಬಹುದು ಎಂಬುದು ಅದರ ಸಾರ. ಶ್ರದ್ಧಾಂಜಲಿ, ವಿವಾಹ ಪ್ರಕಟಣೆ, ಉದ್ಯೋಗಾವಕಾಶ ಎಲ್ಲವನ್ನೂ ಬಿಡದೆ ಓದುವ ನಾವು ಈ ಪ್ರಕಟಣೆಯನ್ನು ಮಾತ್ರ ಗಮನಿಸದೆ ಪುಟ ಮಗುಚುತ್ತೇವೆ. ಅದು ದೇಶ ನಮ್ಮ ಮನೆಬಾಗಿಲಿಗೆ ಬಂದು ನಮ್ಮ ಅಭಿಪ್ರಾಯ ಕೇಳುವ ಗಳಿಗೆ ಎಂಬುದು ನಮಗೆ ಹೊಳೆಯುವುದೇ ಇಲ್ಲ.

ಸಮಿತಿಗಳ ವ್ಯವಸ್ಥೆ

ನಮ್ಮ ಸಂಸತ್ತಿನಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳ ಪದ್ಧತಿ ಜಾರಿಗೆ ಬಂದುದು 1993ರಲ್ಲಿ. ಅದಕ್ಕೆ ಮೊದಲು, 1989ರಲ್ಲಿ, ಕೃಷಿ, ವಿಜ್ಞಾನ ಮತ್ತು ಪರಿಸರ ವಿಷಯಗಳಿಗೆ ಮೂರು ಸಮಿತಿಗಳನ್ನು ಪ್ರಯೋಗರೂಪದಲ್ಲಿ ರಚಿಸಲಾಗಿತ್ತು. 1993ರಲ್ಲಿ ಹದಿನೇಳು ಸಮಿತಿಗಳಾದವು. 2004ರಲ್ಲಿ ಆ ಸಂಖ್ಯೆ 24ಕ್ಕೆ ಏರಿತು. ಪ್ರತಿಯೊಂದರಲ್ಲಿಯೂ 31 ಸದಸ್ಯರು: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಮಂತ್ರಿಗಳಾದವರು ಇವುಗಳ ಸದಸ್ಯರಾಗುವಂತಿಲ್ಲ. ಏಕೆಂದರೆ ಪ್ರಶ್ನಿಸುವವನೂ ಉತ್ತರಿಸುವವನೂ ಒಬ್ಬನೇ ಆಗಬಾರದಷ್ಟೆ. ಇವಲ್ಲದೆ ನಿರ್ದಿಷ್ಟ ಮಸೂದೆಯೊಂದಕ್ಕಾಗಿಯೇ ನೇಮಕವಾಗುವ ಪ್ರವರ ಸಮಿತಿಗಳೂ ಎರಡೂ ಸದನಗಳ ಜಂಟಿ ಸಮಿತಿಗಳೂ ಇವೆ.

ಸದನದಲ್ಲಿ ಪಕ್ಷದ ಸಚೇತಕಾಜ್ಞೆಗೆ ಸದಸ್ಯನು ತಲೆಬಾಗಲೇಬೇಕು. ಸಮಿತಿಯ ಕೋಣೆಯಲ್ಲಿ ಆ ಆಜ್ಞೆ ನಡೆಯದು. ಆದುದರಿಂದಲೇ ಅಲ್ಲಿ ಆಡಳಿತ ಪಕ್ಷದವರು ಸರಕಾರದ ಮಸೂದೆಯಲ್ಲಿ ತಪ್ಪು ಹುಡುಕುವುದೂ ಪ್ರತಿಪಕ್ಷದವರು ಒಳ್ಳೆಯ ಅಂಶಗಳನ್ನು ಒಪ್ಪುವುದೂ ಸಾಧ್ಯವಾಗುತ್ತದೆ. ನಮ್ಮ ತಾಯಂದಿರು ಅಕ್ಕಿಯನ್ನು ಮೊರದಲ್ಲಿ ಕೇರಿ, ಹೊಟ್ಟನ್ನು ಹಾರಿಸಿ, ಕಲ್ಲನ್ನು ಆರಿಸಿ, ಆಮೇಲೆ ಒಲೆಯ ಮೇಲಿಡುವಂತೆ, ಮಸೂದೆಯನ್ನೂ ಕೇರಿ ಶುದ್ಧಗೊಳಿಸುವ ಕಾರ್ಯ ಸಮಿತಿಗಳದು. ಆದರೆ ಸಮಿತಿಯ ವರದಿಗೆ ಸಲಹೆಯ ಬೆಲೆ ಮಾತ್ರ ಉಂಟು; ಸರಕಾರ ಅದನ್ನು ಒಪ್ಪಲೇಬೇಕೆಂಬ ಕಟ್ಟುಪಾಡಿಲ್ಲ.

ಹಾಗಾದರೆ ಈ ಶ್ರಮವೆಲ್ಲ ವ್ಯರ್ಥವೇ? ನಮ್ಮ ಕರಾವಳಿಗೆ ಸಂಬಂಧಪಟ್ಟ ಒಂದು ನಿದರ್ಶನ ಇದಕ್ಕೆ ಉತ್ತರ ನೀಡುತ್ತದೆ. ಉಡುಪಿಯನ್ನು ಲೋಕಸಭೆಯಲ್ಲಿ ದೀರ್ಘಕಾಲ ಪ್ರತಿನಿಧಿಸಿ, ಬಳಿಕ ರಾಜ್ಯಸಭೆಯ ಸದಸ್ಯರಾಗಿ, 2021ರಲ್ಲಿ ಮಂಗಳೂರಿನಲ್ಲಿ ನಿಧನರಾದ ಆಸ್ಕರ್ ಫೆರ್ನಾಂಡಿಸ್ ಅವರು 2010ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಇಲಾಖೆಯ ಸ್ಥಾಯಿ ಸಮಿತಿಗೆ ಅಧ್ಯಕ್ಷರಾಗಿದ್ದರು. ಶಿಕ್ಷಣ ಸಂಸ್ಥೆಗಳ ವ್ಯಾಜ್ಯಗಳಿಗೆ ಪ್ರತ್ಯೇಕ ನ್ಯಾಯಮಂಡಳಿಗಳನ್ನು ಸ್ಥಾಪಿಸುವ ಮಸೂದೆ ಆ ಸಮಿತಿಯ ಮುಂದೆ ಬಂದಿತು. ಅದನ್ನು ತಂದ ಸರಕಾರ ಫೆರ್ನಾಂಡಿಸರ ಪಕ್ಷದ್ದೇ. ಆದರೂ ಸಮಿತಿ ಮಸೂದೆಯ ನ್ಯೂನತೆಗಳನ್ನು ಮುಚ್ಚಿಡಲಿಲ್ಲ. ತಿದ್ದುಪಡಿಗಳನ್ನು ಸೂಚಿಸಿ ಆ ವರ್ಷದ ಆಗಸ್ಟ್ ತಿಂಗಳಲ್ಲಿ ವರದಿ ಸಲ್ಲಿಸಿತು. ಕೆಲವೇ ದಿನಗಳಲ್ಲಿ ಲೋಕಸಭೆ ಮಸೂದೆಯನ್ನು ಅಂಗೀಕರಿಸಿತು. ಆದರೆ ರಾಜ್ಯಸಭೆಯಲ್ಲಿ, ಸಮಿತಿಯ ಶಿಫಾರಸುಗಳನ್ನು ಕಡೆಗಣಿಸಿದುದೇಕೆ ಎಂದು ಸದಸ್ಯರು ಆಕ್ಷೇಪಿಸಿದರು. ಮಸೂದೆ ಅಲ್ಲಿಯೇ ನಿಂತಿತು, ಕಡೆಗೂ ಕಾನೂನಾಗಲಿಲ್ಲ. ಅಧಿಕಾರವಿಲ್ಲದ ವರದಿಯೊಂದು ಬಹುಮತವುಳ್ಳ ಸರಕಾರವನ್ನು ತಡೆದ ಬಗೆ ಇದು. ಶಾಲೆ ಕಾಲೇಜುಗಳ ಬಗ್ಗೆ ಅಷ್ಟೊಂದು ಕಾಳಜಿಯುಳ್ಳ ನಮ್ಮ ಸಮುದಾಯ ಈ ಸಂಗತಿಯನ್ನು ಆಗ ಎಷ್ಟರಮಟ್ಟಿಗೆ ಗಮನಿಸಿತ್ತು ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

ಬಾಡಿಗೆ ತಾಯ್ತನದ ಮಸೂದೆಯ ಕಥೆ ಇನ್ನೊಂದು ಬಗೆಯದು. 2016ರಲ್ಲಿ ಮಂಡನೆಯಾದ ಅದು ಮೊದಲು ಸ್ಥಾಯಿ ಸಮಿತಿಯ ಮುಂದೆ, 2019ರಲ್ಲಿ ಮತ್ತೆ ಮಂಡನೆಯಾದಾಗ ರಾಜ್ಯಸಭೆಯ ಪ್ರವರ ಸಮಿತಿಯ ಮುಂದೆ ಪರಿಶೀಲನೆಗೊಳಗಾಗಿ, 2021ರ ಕೊನೆಯಲ್ಲಿ ಕಾನೂನಾಯಿತು. ಧರ್ಮಸಭೆ ಈ ಪದ್ಧತಿಯನ್ನೇ ಒಪ್ಪುವುದಿಲ್ಲವೆಂಬುದು ವಾಚಕರಿಗೆ ತಿಳಿದ ವಿಷಯ. ಆದರೂ ಮಗುವನ್ನು ಹೊತ್ತು ಹೆರುವ ಬಡ ಮಹಿಳೆಯ ವಿಮೆಯ ಅವಧಿಯನ್ನು 16 ತಿಂಗಳುಗಳಿಂದ 36 ತಿಂಗಳುಗಳಿಗೆ ಹೆಚ್ಚಿಸಬೇಕೆಂದು ಆ ಪ್ರವರ ಸಮಿತಿ ಮಾಡಿದ ಶಿಫಾರಸನ್ನು ನಾವು ಗೌರವದಿಂದ ನೆನೆಯಬೇಕು. ಯಾರೋ ಒಬ್ಬರು ಆ ಮಹಿಳೆಯ ಪರವಾಗಿ ಅಲ್ಲಿ ಯೋಚಿಸಿದರು.

ನಮ್ಮದೇ ಮನೆಯ ಕಥೆ

ಮಸೂದೆಯೊಂದು ಸಕಾಲದಲ್ಲಿ ಪರಿಶೀಲನೆಗೊಂಡು ಕಾನೂನಾಗದಿದ್ದರೆ ಏನಾಗುವುದೆಂಬುದಕ್ಕೆ ದೂರದ ಉದಾಹರಣೆ ಬೇಡ. ನಮ್ಮ ಮನೆಯದೇ ಇದೆ. ಭಾರತೀಯ ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾಯಿದೆ 1869ರದು. ವಿವಾಹಬಂಧನ ಅಭೇದ್ಯವೆಂಬ ಧರ್ಮಸಭೆಯ ಬೋಧನೆಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ಪತಿಯಿಂದ ದೂರವಾದ ಹೆಂಡತಿ ಸಿವಿಲ್ ನ್ಯಾಯಾಲಯದಲ್ಲಿ ಪ್ರತ್ಯೇಕ ವಾಸಕ್ಕಾಗಲಿ ಜೀವನಾಂಶಕ್ಕಾಗಲಿ ಬೇಡಿಕೆ ಸಲ್ಲಿಸಬೇಕಾದರೂ ಇದೇ ಕಾಯಿದೆಯನ್ನು ಆಶ್ರಯಿಸಬೇಕಿತ್ತು. ಆ ಕಾಯಿದೆಯಲ್ಲಿ ಗಂಡನಿಗೊಂದು ನ್ಯಾಯ, ಹೆಂಡತಿಗೊಂದು ನ್ಯಾಯ. ವಿಚ್ಛೇದನ ಕೋರುವ ಗಂಡನು ಹೆಂಡತಿಯ ವ್ಯಭಿಚಾರವೊಂದನ್ನು ರುಜುವಾತುಪಡಿಸಿದರೆ ಸಾಕಿತ್ತು. ಹೆಂಡತಿಯಾದರೋ ಗಂಡನ ವ್ಯಭಿಚಾರದೊಡನೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಅಂಥ ಇನ್ನೊಂದು ಅಪರಾಧವನ್ನೋ ಸೇರಿಸಿ ಸಾಧಿಸಬೇಕಿತ್ತು. ಮೊಕದ್ದಮೆ ನಡೆಯುತ್ತಿರುವಾಗ ಅವಳಿಗೆ ದೊರೆಯುವ ಜೀವನಾಂಶ ಗಂಡನ ಆದಾಯದ ಐದನೆಯ ಒಂದು ಭಾಗವನ್ನು ಮೀರುವಂತಿರಲಿಲ್ಲ.

ಇದನ್ನು ಬದಲಿಸಬೇಕೆಂದು ಕಾನೂನು ಆಯೋಗ 1960ರಲ್ಲಿಯೇ ವರದಿ ನೀಡಿತು. 1962ರಲ್ಲಿ ಮಸೂದೆಯೊಂದು ಲೋಕಸಭೆಗೆ ಬಂದಿತು. ಆ ಲೋಕಸಭೆ ವಿಸರ್ಜನೆಯಾದಾಗ ಅದೂ ಅಸುನೀಗಿತು. ಆಯೋಗ 1983ರಲ್ಲಿ ಮತ್ತೆ ಬರೆಯಿತು, 1998ರಲ್ಲಿ ಮತ್ತೂ ಒಮ್ಮೆ ಬರೆಯಿತು. ಸರಕಾರಗಳ ಹಿಂಜರಿಕೆ ಒಂದೆಡೆ, ಸಮುದಾಯದೊಳಗಿನ ಭಿನ್ನಾಭಿಪ್ರಾಯ ಇನ್ನೊಂದೆಡೆ. ಕೊನೆಗೆ ತಿದ್ದುಪಡಿ ಬಂದುದು 2001ರಲ್ಲಿ. ಗಂಡ ಹೆಂಡಿರಿಗೆ ಸಮಾನ ನ್ಯಾಯ ದೊರೆಯಲು, ಐದನೆಯ ಒಂದು ಭಾಗದ ಮಿತಿ ತೊಲಗಲು 132 ವರ್ಷಗಳು ಬೇಕಾದವು. 1960ರಿಂದ ಲೆಕ್ಕ ಹಾಕಿದರೂ ನಲವತ್ತೊಂದು ವರ್ಷಗಳು. ಆ ನಲವತ್ತೊಂದು ವರ್ಷಗಳಲ್ಲಿ ತವರಿನ ಜಗಲಿಯಲ್ಲಿ ಕುಳಿತು ಮಕ್ಕಳ ಹೊಟ್ಟೆಗಾಗಿ ಅಣ್ಣ ತಮ್ಮಂದಿರ ಮುಖ ನೋಡಿದ ತಾಯಂದಿರ ಲೆಕ್ಕವನ್ನು ಇಟ್ಟವರು ಯಾರು?

ತಿದ್ದುಪಡಿಯಾದ ಮೇಲೂ ಕಲ್ಲು ಉಳಿಯಿತು. ಪರಸ್ಪರ ಒಪ್ಪಿಗೆಯ ಅರ್ಜಿಗೆ ಇತರರಿಗೆ ಒಂದು ವರ್ಷದ ಪ್ರತ್ಯೇಕ ವಾಸ ಸಾಕಾದರೆ ಕ್ರೈಸ್ತರಿಗೆ ಎರಡು ವರ್ಷ ಎಂದು ಕಾನೂನು ವಿಧಿಸಿತು. ಈ ತಾರತಮ್ಯ ಸಲ್ಲದೆಂದು ಕೇರಳ ಉಚ್ಚ ನ್ಯಾಯಾಲಯ 2010ರಲ್ಲಿ ತೀರ್ಪು ನೀಡಬೇಕಾಯಿತು. ಮೊರದಲ್ಲಿ ಆರಿಸದೆ ಉಳಿದ ಕಲ್ಲು ಉಣ್ಣುವವನ ಹಲ್ಲಿಗೆ ಸಿಕ್ಕಿಯೇ ತೀರುತ್ತದೆ.

ಅರ್ಜಿಯ ಹಕ್ಕು

ಮಸೂದೆಗಾಗಿ ಕಾಯದೆ ನಾವೇ ಸಂಸತ್ತಿನ ಬಾಗಿಲು ತಟ್ಟಲು ಇನ್ನೊಂದು ದಾರಿಯುಂಟು. ಅದು ಅರ್ಜಿಗಳ ಸಮಿತಿ. ಇದರ ಬೇರು ಸ್ವಾತಂತ್ರ್ಯಪೂರ್ವದ ಕೇಂದ್ರ ಶಾಸನಸಭೆಯಲ್ಲಿದೆ. ಇಂದು ಲೋಕಸಭೆಯ ಸಮಿತಿಯಲ್ಲಿ 15 ಮಂದಿ, ರಾಜ್ಯಸಭೆಯ ಸಮಿತಿಯಲ್ಲಿ 10 ಮಂದಿ ಸದಸ್ಯರಿದ್ದಾರೆ. ಸದನದ ಮುಂದಿರುವ ಮಸೂದೆಯ ಬಗ್ಗೆಯಾಗಲಿ ಕೇಂದ್ರ ಸರಕಾರಕ್ಕೆ ಸೇರಿದ ಸಾರ್ವಜನಿಕ ಮಹತ್ವದ ವಿಷಯದ ಬಗ್ಗೆಯಾಗಲಿ ಯಾವ ಪ್ರಜೆಯೂ ಅರ್ಜಿ ಸಲ್ಲಿಸಬಹುದು. ಭಾಷೆ ಸಭ್ಯವಾಗಿರಬೇಕು, ಹೆಸರು, ವಿಳಾಸ, ಸಹಿ ಇರಬೇಕು, ಸಹಿ ಬಾರದವರಿಗೆ ಹೆಬ್ಬೆಟ್ಟಿನ ಗುರುತು ಸಾಕು, ಕೊನೆಯಲ್ಲಿ ನಮ್ಮ ಪ್ರಾರ್ಥನೆ ಏನೆಂಬುದು ಸ್ಪಷ್ಟವಾಗಿರಬೇಕು. ಕನ್ನಡದಲ್ಲಿ ಬರೆಯುವುದಾದರೆ ಜೊತೆಗೆ ಹಿಂದಿ ಇಲ್ಲವೆ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ನ್ಯಾಯಾಲಯದ ಮುಂದಿರುವ ವಿಚಾರಗಳಿಗೆ ಅಲ್ಲಿ ಎಡೆಯಿಲ್ಲ. ರಾಜ್ಯಕ್ಕೆ ಸಂಬಂಧಿಸಿದ ವಿಷಯಗಳಿಗೆ ಕರ್ನಾಟಕದ ವಿಧಾನಸಭೆ ಮತ್ತು ವಿಧಾನ ಪರಿಷತ್ತುಗಳಲ್ಲಿಯೂ ಅರ್ಜಿಗಳ ಸಮಿತಿಗಳುಂಟು.

ಇದರಿಂದ ಫಲವುಂಟೇ ಎಂದು ಕೇಳುವವರು ನಿವೃತ್ತ ಯೋಧರನ್ನು ನೋಡಲಿ. ಒಂದೇ ದರ್ಜೆಯಲ್ಲಿ ಒಂದೇ ಅವಧಿಗೆ ಸೇವೆ ಸಲ್ಲಿಸಿದವರಿಗೆ, ನಿವೃತ್ತರಾದ ವರ್ಷ ಯಾವುದೇ ಇರಲಿ, ಸಮಾನ ಪಿಂಚಣಿ ದೊರೆಯಬೇಕೆಂಬ ಅವರ ಅರ್ಜಿಯನ್ನು ರಾಜ್ಯಸಭೆಯ ಅರ್ಜಿಗಳ ಸಮಿತಿ ಭಗತ್ ಸಿಂಗ್ ಕೋಶ್ಯಾರಿಯವರ ಅಧ್ಯಕ್ಷತೆಯಲ್ಲಿ ಪರಿಶೀಲಿಸಿ, 2011ರಲ್ಲಿ ಅದರ ಪರವಾಗಿ ವರದಿ ನೀಡಿತು. 2015ರಲ್ಲಿ ಸರಕಾರ ಯೋಜನೆಯನ್ನು ಘೋಷಿಸಿತು. ಎಲ್ಲ ಬೇಡಿಕೆಗಳೂ ಈಡೇರಲಿಲ್ಲವೆಂಬ ಅತೃಪ್ತಿ ಉಳಿದುದು ನಿಜ. ಆದರೆ ದಶಕಗಳ ಕೂಗಿಗೆ ಸ್ಪಷ್ಟ ರೂಪ ಕೊಟ್ಟ ದಾಖಲೆ ಆ ವರದಿಯೇ.

ಬರಿದಾಗುತ್ತಿರುವ ಕೋಣೆ

ಸಮಿತಿಗಳ ಈ ಕೋಣೆಗಳಿಗೆ ಬರುವ ಕೆಲಸವೇ ಕಡಿಮೆಯಾಗಿರುವುದು ಕಳವಳದ ಸಂಗತಿ. 2009ರಿಂದ 2014ರವರೆಗಿನ 15ನೆಯ ಲೋಕಸಭೆಯ ಅವಧಿಯಲ್ಲಿ ಮಂಡನೆಯಾದ ಮಸೂದೆಗಳಲ್ಲಿ ಸುಮಾರು ಶೇಕಡಾ 71ರಷ್ಟು ಸಮಿತಿಗಳ ಪರಿಶೀಲನೆಗೆ ಹೋದುವು. ಮುಂದಿನ ಲೋಕಸಭೆಯಲ್ಲಿ ಅದು ಸುಮಾರು ಕಾಲುಭಾಗಕ್ಕೆ ಕುಸಿಯಿತು. 2019ರಿಂದ 2024ರವರೆಗಿನ 17ನೆಯ ಲೋಕಸಭೆಯಲ್ಲಿ ಸುಮಾರು ಶೇಕಡಾ 16ಕ್ಕೆ ಇಳಿಯಿತು. ಮಸೂದೆಯನ್ನು ಸಮಿತಿಗೆ ಒಪ್ಪಿಸುವುದು ಕಡ್ಡಾಯವಲ್ಲ. ತುರ್ತಿನ ಕಾನೂನುಗಳಿಗೆ ಕಾಲಾವಕಾಶವಿಲ್ಲವೆಂಬ ವಾದವೂ ಇದೆ. ಸಮಿತಿಗೆ ಹೋದ ಮಾತ್ರಕ್ಕೆ ಕಾನೂನು ಉತ್ತಮವಾಗುವುದೆಂಬ ಭರವಸೆಯೂ ಇಲ್ಲ. ಆದರೆ ಆರು ಮಸೂದೆಗಳಲ್ಲಿ ಐದು ಮೊರಕ್ಕೆ ಬೀಳದೆ ನೇರವಾಗಿ ಒಲೆಗೇರಿದರೆ, ಉಣ್ಣುವವರಾದ ನಾವು ಎಚ್ಚರಗೊಳ್ಳಬೇಡವೇ?

ಈ ಮಾತು ಯಾವುದೇ ಒಂದು ಪಕ್ಷವನ್ನು ದೂಷಿಸಲು ಆಡಿದುದಲ್ಲ. ಕೇಳುವವರು ಕಡಿಮೆಯಾದಾಗ ಕೊಡುವವರೂ ಕೈ ಹಿಂತೆಗೆಯುತ್ತಾರೆ. ಸಲಹೆ ಕಳುಹಿಸಿರೆಂಬ ಪ್ರಕಟಣೆಗೆ ನಮ್ಮ ಕಡೆಯಿಂದ ಒಂದು ಪತ್ರವೂ ಹೋಗದಿರುವಾಗ, ಕಾನೂನು ಜಾರಿಗೆ ಬಂದ ಮೇಲೆ ಪ್ರತಿಭಟನಾ ಸಭೆ ನಡೆಸಿ ಏನು ಪ್ರಯೋಜನ? ನಮ್ಮ ಧರ್ಮಕೇಂದ್ರಗಳಲ್ಲಿ ವಕೀಲರಿದ್ದಾರೆ, ಶಿಕ್ಷಕರಿದ್ದಾರೆ, ದಾದಿಯರಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ. ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯ ಒಕ್ಕಣೆಗೆ ಮೂರು ಸಭೆ ನಡೆಸುವ ನಮ್ಮ ಸಂಘಗಳು, ಮಸೂದೆಯೊಂದರ ಬಗ್ಗೆ ಎರಡು ಪುಟಗಳ ಮನವಿ ಸಿದ್ಧಪಡಿಸಲು ಒಂದು ಸಂಜೆಯನ್ನು ಮೀಸಲಿಡಲಾರವೇ? ಆ ಮನವಿ ನಮ್ಮ ಸಮುದಾಯದ ಹಿತಕ್ಕೆ ಮಾತ್ರ ಸೀಮಿತವಾಗಬೇಕಿಲ್ಲ. ಮೀನುಗಾರನ ದೋಣಿ, ಬೀಡಿ ಕಟ್ಟುವ ಹೆಂಗಸಿನ ಕೂಲಿ, ಅಂಗವಿಕಲ ಮಗುವಿನ ಶಾಲೆ, ಇವೆಲ್ಲವೂ ನಮ್ಮ ವಿಷಯಗಳೇ.

ಸಂತ ಲೂಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳಿದ ವಿಧವೆಯ ಸಾಮತಿ ನಮಗೆಲ್ಲ ಪರಿಚಿತ. ದೇವರಿಗೂ ಹೆದರದ, ಮನುಷ್ಯರನ್ನೂ ಲಕ್ಷಿಸದ ನ್ಯಾಯಾಧಿಪತಿಯ ಬಳಿಗೆ ಆಕೆ ಮತ್ತೆ ಮತ್ತೆ ಹೋದಳು. ಕಡೆಗೆ ನ್ಯಾಯ ಪಡೆದಳು. ನಾವು ಆ ಸಾಮತಿಯನ್ನು ಪ್ರಾರ್ಥನೆಯ ಪಾಠವಾಗಿ ಕೇಳಿದ್ದೇವೆ, ಅದು ಸರಿಯೇ. ಆದರೆ ಆಕೆ ಮನೆಯಲ್ಲಿ ಕುಳಿತು ಗೊಣಗಲಿಲ್ಲ, ಎದ್ದು ಹೋಗಿ ಕೇಳಿದಳು ಎಂಬುದನ್ನೂ ಗಮನಿಸಬೇಕು. ಅವಳಿಗಿದ್ದುದು ಒಬ್ಬ ಕಠಿಣ ನ್ಯಾಯಾಧಿಪತಿ. ನಮಗಾದರೋ ಕೇಳಿಸಿಕೊಳ್ಳಲೆಂದೇ ರಚನೆಯಾದ ಸಮಿತಿಗಳಿವೆ. ಮುಂದಿನ ಬಾರಿ ಪತ್ರಿಕೆಯ ಒಳಪುಟದಲ್ಲಿ ಆ ಚಿಕ್ಕ ಅಕ್ಷರಗಳ ಪ್ರಕಟಣೆ ಕಂಡಾಗ ಪುಟ ಮಗುಚದಿರೋಣ. ಕತ್ತರಿಸಿ ತೆಗೆದಿಟ್ಟು, ಭಾನುವಾರದ ಪೂಜೆಯ ಬಳಿಕ ನಾಲ್ಕು ಮಂದಿ ಕುಳಿತು ಓದೋಣ.