ಜೇಬಿನೊಳಗಣ ಪಂಚಾಂಗ

ಅಂಕೋಲೆಯ ಕೇಣಿಯಿಂದ ದೋಣಿಯು ಕಡಲಿನಲ್ಲಿ ದೂರ ಸಾಗಿದಂತೆ ಫೋನಿನ ಸಂಪರ್ಕವು ಕಡಿದುಹೋಗುತ್ತದೆ. ಆಗಲೂ ಆ್ಯಪೊಂದು ಉಬ್ಬರವಿಳಿತದ ವೇಳೆಯನ್ನು ತಿಳಿಸುವುದು ಹೇಗೆ? ಎರಡು ಉಬ್ಬರಗಳ ಅಂತರವು ಸರಾಸರಿ 12 ಗಂಟೆ 25 ನಿಮಿಷ. ಸೂರ್ಯಚಂದ್ರರ ಗತಿ ಹಾಗೂ ಆ ತೀರದ ಹಿಂದಿನ ಅಳತೆಗಳಿಂದ ಇಡೀ ವರ್ಷದ ವೇಳೆಗಳನ್ನು ಮುಂಚಿತವಾಗಿಯೇ ಗಣಿಸಬಹುದು. ಪಂಚಾಂಗವನ್ನು ಮುದ್ರಿಸಿ ಮನೆಮನೆಗೆ ಕೊಡುವಂತೆ, ಈ ಪಟ್ಟಿಯನ್ನು ದತ್ತಸಂಚಯವಾಗಿ ಕಟ್ಟಿ ಆ್ಯಪಿನೊಳಗೇ ಇರಿಸಬಹುದು. 2000ದಲ್ಲಿ ರಿಚರ್ಡ್ ಹಿಪ್ ರಚಿಸಿದ ಎಸ್‌ಕ್ಯೂಲೈಟ್ ಇದಕ್ಕೆ ಅನುಕೂಲ. ಅದರಲ್ಲಿ ಇಡೀ ಸಂಚಯವು ಒಂದೇ ಕಡತ.

ಆಂಡ್ರಾಯ್ಡಿನಲ್ಲಿ ಆ್ಯಪಿನೊಳಗಣ ಮೂಲಪ್ರತಿಯನ್ನು ತಿದ್ದಲಾಗದು; ಮೊದಲ ಸಲ ತೆರೆದಾಗ ಅದನ್ನು ಫೋನಿನ ಸಂಗ್ರಹಕ್ಕೆ ನಕಲಿಸಬೇಕು. ಮರುವರ್ಷದ ಪಟ್ಟಿಯು ಬಂದಾಗ ಹಳೆಯ ಕಡತದ ಸ್ಥಾನವನ್ನು ಹೊಸದು ಆಕ್ರಮಿಸುತ್ತದೆ. ಮೀನುಗಾರನು ತಾನು ಬಲೆ ಬೀಸಿದ ತಾಣಗಳನ್ನು ಅದರಲ್ಲಿಯೇ ಬರೆದಿಟ್ಟಿದ್ದರೆ ಅವೂ ಅಳಿದುಹೋಗುವುವು. ಆದುದರಿಂದ ಪಂಚಾಂಗಕ್ಕೊಂದು, ದಿನಚರಿಗೊಂದು ಪ್ರತ್ಯೇಕ ಕಡತವಿರುವುದೇ ಕ್ಷೇಮ.