ಕೊರೆತ ನಿಂತ ಅಬರ್ಡೀನ್

ಅಬರ್ಡೀನಿನ ಮಾರ್ಕೆಟ್ ಸ್ಟ್ರೀಟ್ ಇಳಿದು ಬಂದರೆ ಅಂಗಡಿ ಸಾಲು ಮುಗಿಯುವಲ್ಲೇ ಹಡಗುಗಳು ಎದುರಾಗುತ್ತವೆ. 2016ರ ಬೇಸಿಗೆಯಲ್ಲಿ ಅವುಗಳಲ್ಲಿ ಹಲವಕ್ಕೆ ಕೆಲಸವಿರಲಿಲ್ಲ. ಉತ್ತರ ಸಮುದ್ರದ ತೈಲ ವೇದಿಕೆಗಳಿಗೆ ಕೊಳವೆ, ಸಿಮೆಂಟು, ಡೀಸೆಲ್, ದಿನಸಿ ಒಯ್ಯಬೇಕಾದವು ಒಂದಕ್ಕೊಂದು ಮೈಯೊತ್ತಿ ನಿಂತಿದ್ದವು. ಒಂದು ಹಡಗಿನ ಹಗ್ಗ ನೀರಿಗೆ ತಾಗುವ ಕಡೆ ಗೇಣುದ್ದ ಪಾಚಿ ಕಟ್ಟಿತ್ತು.

ಸ್ಕಾಟ್ಲೆಂಡಿನ ಈ ಊರು ಮೊದಲು ಹೆಸರಾದದ್ದು ಬೂದು ಗ್ರಾನೈಟಿಗೆ, ಮೀನಿಗೆ. ಬಂದರಿನ ಚರಿತ್ರೆಯನ್ನು 1136ರಿಂದ ಎಣಿಸುತ್ತಾರೆ. 1970ರಲ್ಲಿ ಉತ್ತರ ಸಮುದ್ರದಲ್ಲಿ ಫೋರ್ಟೀಸ್ ತೈಲ ನಿಕ್ಷೇಪ ಸಿಕ್ಕಿತು. 1975ರ ನವೆಂಬರಿನಲ್ಲಿ ರಾಣಿ ಎರಡನೇ ಎಲಿಜಬೆತ್ ಬಂದು ತೈಲ ಹರಿವಿಗೆ ಚಾಲನೆ ಕೊಟ್ಟರು. ಡೀ ನದಿಯಾಚೆಯ ಟೋರಿಯಲ್ಲಿ ಬೆಸ್ತರ ಹಳೇ ಕೇರಿಯನ್ನೇ ಕೆಡವಿ ತೈಲದವರಿಗೆ ಜಾಗ ಮಾಡಿಕೊಟ್ಟಿದ್ದರು. ಆ ನೋವು ಅಲ್ಲಿನ ಹಳಬರಲ್ಲಿ ಇನ್ನೂ ಇದೆ.

ಟೋರಿಗೆ ಹೊಂದಿಕೊಂಡ ಟಲ್ಲೊಸ್ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಮಾತಿಗೆ ಸಿಕ್ಕವರು ಮೂವತ್ತು ವರ್ಷದಿಂದ ಲೇತ್ ನಡೆಸುತ್ತಿದ್ದ ಹಿರಿಯರು. ನಮ್ಮ ಬೋರ್‌ವೆಲ್ ಲಾರಿಯವರು ರಾಡಿಗೆ ರಾಡು ತಿರುಗಿಸಿ ಇಳಿಸುವ ಹಾಗೆಯೇ ಸಮುದ್ರದಡಿಗೂ ಸುಮಾರು 9 ಮೀಟರಿನ ಕೊಳವೆಗಳನ್ನು ಜೋಡಿಸಿ ಇಳಿಸುತ್ತಾರೆ. ಜೋಡಣೆಯ ಥ್ರೆಡ್ ಸವೆದರೆ ಹೊಸದಾಗಿ ಕೊರೆದುಕೊಡುವುದು ಇವರ ಕಸುಬು. ಒಂದು ಕೊಳವೆಯ ತುದಿಯನ್ನು ಎಣ್ಣೆಬಟ್ಟೆಯಿಂದ ಒರೆಸಿ, ಥ್ರೆಡ್ಡಿನ ಸುತ್ತಿನುದ್ದಕ್ಕೂ ಹೆಬ್ಬೆರಳ ಉಗುರು ಎಳೆದರು. ಒಂದು ಕಡೆ ಉಗುರು ತಡೆಯಿತು. ‘ಇಲ್ಲಿ ನೋಡಿ. ಗೇಜು ಆಮೇಲೆ, ಮೊದಲು ಉಗುರು.’ ನಾನೂ ಎಳೆದೆ, ನನಗೆ ಏನೂ ತಿಳಿಯಲಿಲ್ಲ.

‘ಬಾವಿಯಿಂದ ಎಣ್ಣೆ ಬರೋದು ನಿಂತಿಲ್ಲ, ಹೊಸದು ಕೊರೆಯೋದು ನಿಂತಿದೆ. ಕೊರೆಯದಿದ್ದರೆ ಕೊಳವೆ ಸವೆಯೋದಿಲ್ಲ, ಸವೆಯದಿದ್ದರೆ ನಮಗೆ ಕೆಲಸ ಎಲ್ಲಿ?’ ಎಂದರು. ಬೆಲೆ ಬಿದ್ದದ್ದೇ ಕಾರಣ. 2014ರ ಜೂನಿನಲ್ಲಿ ಬ್ಯಾರೆಲ್ಲಿಗೆ 115 ಡಾಲರ್ ಮುಟ್ಟಿದ್ದ ಬ್ರೆಂಟ್ ಕಚ್ಚಾತೈಲ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿಯಿತು. ದರದಲ್ಲಿ ಶೇ 10 ಬಿಡಿ ಎಂದು ಗಿರಾಕಿಗಳಿಂದ ಪತ್ರ ಬಂತಂತೆ. ಬಿಟ್ಟರೂ ಆರ್ಡರ್ ಬರಲಿಲ್ಲ. ಕೊನೆಗೆ ಸೇರಿದವರನ್ನು ಮೊದಲು ಮನೆಗೆ ಕಳಿಸಿದರು. ಅವರಲ್ಲಿ ಇವರ ಕೈಕೆಳಗೆ ಕಲಿಯುತ್ತಿದ್ದ ಹುಡುಗರಿಬ್ಬರೂ ಇದ್ದರು. ಒಬ್ಬ ಆಗ ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನು ಜೋಡಿಸುತ್ತಿದ್ದ. ಅವನಿಗೆ ಉಗುರಿನ ಗುರುತು ಹತ್ತಿತ್ತು ಎಂದು ಇವರು ಹೇಳುತ್ತಲೇ ಇದ್ದರು.

ಬ್ರಿಟನ್ನಿನಲ್ಲಿ ಈ ಉದ್ಯಮವನ್ನು ನೆಚ್ಚಿದ ಕೆಲಸಗಳು 2014ರಲ್ಲಿ ಸುಮಾರು 4.5 ಲಕ್ಷ, 2016ರ ಕೊನೆಗೆ 3.3 ಲಕ್ಷಕ್ಕೆ ಇಳಿಯಲಿವೆ ಎಂಬುದು ಆಗ ಉದ್ಯಮದ ಒಕ್ಕೂಟದ್ದೇ ಅಂದಾಜಾಗಿತ್ತು. ಅದೇ ವರ್ಷದ ಮಾರ್ಚ್ ಬಜೆಟ್ಟಿನಲ್ಲಿ ಲಂಡನ್ ಸರಕಾರ ತೈಲ ತೆಗೆಯುವವರ ಲಾಭದ ಮೇಲಿನ ಹೆಚ್ಚುವರಿ ತೆರಿಗೆಯನ್ನು ಶೇ 20ರಿಂದ 10ಕ್ಕೆ ತಂದಿತು. ಆ ರಿಯಾಯಿತಿ ಬಾವಿಯ ಒಡೆಯರಿಗೆ. ಅವರು ಹೊಸ ಬಾವಿ ತೋಡಿದರೆ ಮಾತ್ರ ಅದರ ಫಲ ಟಲ್ಲೊಸ್‌ನ ಶೆಡ್ಡುಗಳಿಗೆ ಇಳಿಯುತ್ತಿತ್ತು. ಅಲ್ಲಿಯವರೆಗೆ ಆ ಹುಡುಗರ ಕಲಿಕೆ ನಿಲ್ಲದಂತೆ ಯಾರಾದರೂ ನೋಡಿಕೊಳ್ಳಬೇಕಿತ್ತು. ನಾನು ಹೋದ ದಿನ ಆ ಶೆಡ್ಡಿನಲ್ಲಿ ಐದು ಲೇತುಗಳಲ್ಲಿ ಒಂದೇ ತಿರುಗುತ್ತಿತ್ತು.