ಪುಡಿಯೊಂದನ್ನೇ ನಂಬಿದರೆ

ಅಮೆರಿಕದ ಸಾಫ್ಟ್‌ವೇರ್ ಎಂಜಿನಿಯರ್ ರಾಬ್ ರೈನ್‌ಹಾರ್ಟ್ 2013ರಲ್ಲಿ ಅಡುಗೆಯ ಗೊಡವೆಯೇ ಬೇಡವೆಂದು, ತಾವೇ ಲೆಕ್ಕ ಹಾಕಿ ಬೆರೆಸಿದ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯತೊಡಗಿದರು. ದೇಹಕ್ಕೆ ಬೇಕಾದ ಪೋಷಕಾಂಶಗಳ ಪಟ್ಟಿ ಪುಸ್ತಕದಲ್ಲಿದೆ, ಅಷ್ಟನ್ನೂ ಬೆರೆಸಿದರೆ ಸಾಕು ಎಂಬುದು ಅವರ ತರ್ಕ. ಅವರೇ ಬರೆದುಕೊಂಡಂತೆ, ಕೆಲವೇ ದಿನಗಳಲ್ಲಿ ಎದೆಬಡಿತ ಜೋರಾಯಿತು. ನೋಡಿದರೆ ಮಿಶ್ರಣಕ್ಕೆ ಕಬ್ಬಿಣದ ಅಂಶವನ್ನೇ ಹಾಕಿರಲಿಲ್ಲ. ಸರಿಪಡಿಸಿಕೊಂಡು ಮುಂದುವರಿದರು, ಆ ಪುಡಿಯೇ ಮುಂದೆ ಸಾಯ್ಲೆಂಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಪುಡಿ ಕುಡಿದೇ ಬದುಕಬಹುದೇ? ಬದುಕಬಹುದು. ನುಂಗಲಾಗದ ರೋಗಿಗಳು ಮೂಗಿನ ಅಥವಾ ಹೊಟ್ಟೆಯ ನಳಿಕೆಯಿಂದ ಇಳಿಯುವ ದ್ರವಾಹಾರದಲ್ಲೇ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಇರುತ್ತಾರೆ. ಕರುಳಿನ ಕ್ರೋನ್ ಕಾಯಿಲೆ ಬಂದ ಮಕ್ಕಳಿಗೆ 6ರಿಂದ 8 ವಾರ ಬರೀ ದ್ರವಾಹಾರ ಕೊಡುವುದೇ ಒಂದು ಚಿಕಿತ್ಸೆ. ಆದರೆ ಅವರ ತೂಕ, ರಕ್ತದ ಲವಣಾಂಶಗಳ ಮೇಲೆ ವೈದ್ಯರ ಕಣ್ಣಿರುತ್ತದೆ. ಮನೆಯಲ್ಲಿ ಡಬ್ಬ ಬಿಚ್ಚಿ ಕುಡಿಯುವವರಿಗೆ ಆ ಕಾವಲು ಇರುವುದಿಲ್ಲ.

ಕಾವಲಿಲ್ಲದಿದ್ದರೆ ಏನಾಗಬಹುದು ಎಂಬುದು 2003ರಲ್ಲಿ ಇಸ್ರೇಲಿನಲ್ಲಿ ಗೊತ್ತಾಯಿತು. ಕೆಲವು ಹಸುಗೂಸುಗಳಿಗೆ ವಾಂತಿ, ಮಂಕು. ಕಣ್ಣುಗುಡ್ಡೆಗಳು ಸರಿಯಾಗಿ ಹೊರಳುತ್ತಿರಲಿಲ್ಲ. ಇವೆಲ್ಲ ವಿಟಮಿನ್ ಬಿ1 ತೀರಾ ಕಡಿಮೆಯಾದಾಗ ಮಿದುಳಿಗಾಗುವ ಹಾನಿಯ ಲಕ್ಷಣಗಳು. ಆ ಕೂಸುಗಳೆಲ್ಲ ಕುಡಿಯುತ್ತಿದ್ದುದು ಒಂದೇ ಸೋಯಾ ಪುಡಿ. ಬಿ1 ಇದೆಯೆಂದು ಡಬ್ಬದ ಮೇಲೆ ಅಚ್ಚಾಗಿತ್ತು, ಒಳಗೆ ಬಹುತೇಕ ಇರಲಿಲ್ಲ. ಕೆಲವು ಮಕ್ಕಳು ಸತ್ತವು, ಇನ್ನು ಕೆಲವಕ್ಕೆ ಶಾಶ್ವತ ಊನ ಉಳಿಯಿತು. ಕಾರ್ಖಾನೆಯ ಒಂದೇ ತಪ್ಪು ಇಷ್ಟು ದೂರ ಹೋದದ್ದು, ಆ ಕೂಸುಗಳಿಗೆ ಆ ಪುಡಿಯ ಹೊರತು ಬೇರೆ ಆಹಾರವಿರಲಿಲ್ಲ ಎಂಬ ಕಾರಣಕ್ಕೆ.

ನನ್ನ ಆತಂಕವಿರುವುದು ಇಲ್ಲಿ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ, ಸೊಪ್ಪಿನ ಸಾರು, ಮಜ್ಜಿಗೆ, ರಾತ್ರಿ ಮುದ್ದೆ ಉಣ್ಣುವವರ ತಟ್ಟೆಯಲ್ಲಿ ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಗುತ್ತದೆ. ಅವರಿಗೆ ಯಾವ ಅಂಶ ಎಷ್ಟು ಮೈಕ್ರೋಗ್ರಾಂ ಎಂದು ಯಾರೂ ಲೆಕ್ಕ ಹಾಕಬೇಕಿಲ್ಲ. ಮೂರು ಹೊತ್ತೂ ಒಂದೇ ಪುಡಿ ಕುಡಿಯುವವರಿಗೆ ಆ ಲೆಕ್ಕದಲ್ಲಿ ಒಂದಂಶ ತಪ್ಪಿದರೂ ದಿನದಿನವೂ ಅದೇ ಕೊರತೆ.

ಪಟ್ಟಿ ಸರಿಯಾಗಿದ್ದರೂ ಅದೇ ಊಟವಲ್ಲ. ತರಕಾರಿ, ಹಣ್ಣು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಕಂಡುಬಂದಿತ್ತು. ಅದಕ್ಕೆ ಅವುಗಳಲ್ಲಿರುವ ಬೀಟಾ ಕ್ಯಾರೋಟಿನ್ ಎಂಬ ಅಂಶ ಕಾರಣವಿರಬೇಕೆಂದು ಫಿನ್‌ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿಗಳನ್ನು ಅಧ್ಯಯನಕ್ಕೆ ಸೇರಿಸಿಕೊಂಡು, ಅರ್ಧದಷ್ಟು ಜನರಿಗೆ ಅದರ ಮಾತ್ರೆ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ನುಂಗಿದವರಲ್ಲಿ ಆ ಕ್ಯಾನ್ಸರ್ 18% ಹೆಚ್ಚಾಗಿತ್ತು!

ಇನ್ನು ಪ್ರೋಟೀನ್ ಪುಡಿಯನ್ನೇ ಊಟದ ಬದಲು ಕುಡಿಯುವವರಿದ್ದಾರೆ. ಅದು ಬೇರೆಯೇ ಸರಕು, ಊಟದ ಜಾಗ ತುಂಬಲು ಮಾಡಿದ್ದಲ್ಲ. ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 70% ಪುಡಿಗಳ ಲೇಬಲ್‌ಗೂ ಒಳಗಿನ ಪ್ರೋಟೀನಿಗೂ ತಾಳೆಯಾಗಲಿಲ್ಲ.

ಊಟದ ಬದಲಿಗೆಂದೇ ಮಾಡಿದ ಪುಡಿಯ ನಿಜವಾದ ಗೆಲುವು ಕಂಡದ್ದು ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ. ಟೈಪ್ 2 ಮಧುಮೇಹ ಬಂದು 6 ವರ್ಷ ಮೀರದ, ಇನ್ಸುಲಿನ್ ತೆಗೆದುಕೊಳ್ಳದ ಸ್ಥೂಲಕಾಯರಿಗೆ 3ರಿಂದ 5 ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯ ಪುಡಿಯನ್ನಷ್ಟೇ ಕೊಟ್ಟು, ಆಮೇಲೆ ಹಂತಹಂತವಾಗಿ ಊಟಕ್ಕೆ ಮರಳಿಸಿದರು. ವರ್ಷದ ಕೊನೆಗೆ 46% ಜನರಿಗೆ ಔಷಧಿಯಿಲ್ಲದೆಯೇ ಸಕ್ಕರೆ ಹತೋಟಿಯಲ್ಲಿತ್ತು. ಇದನ್ನು ಓದಿ ಮನೆಯಲ್ಲೇ ಶುರುಮಾಡುವವರು ಒಂದು ವಿಷಯ ಗಮನಿಸಬೇಕು: ಅಲ್ಲಿ ಮಧುಮೇಹದ, ರಕ್ತದೊತ್ತಡದ ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸಿ ನಿಗಾ ಇಟ್ಟಿದ್ದರು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಯನ್ನು ಎಂದಿನಂತೆ ತೆಗೆದುಕೊಳ್ಳುತ್ತ ಬರೀ ಪುಡಿ ಕುಡಿದರೆ ಸಕ್ಕರೆ ಅಪಾಯಕಾರಿಯಾಗಿ ಇಳಿದು ಪ್ರಜ್ಞೆ ತಪ್ಪಬಹುದು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಪುಡಿಯ ಪೊಟ್ಯಾಸಿಯಂ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರಿಗೆ ಅದರಲ್ಲಿನ ವಿಟಮಿನ್ ಕೆ ತೊಂದರೆ ಕೊಡಬಹುದು.

ಆರೋಗ್ಯವಂತ ವಯಸ್ಕರು ಗಡಿಬಿಡಿಯ ದಿನ ಒಂದು ಹೊತ್ತು ಊಟದ ಬದಲು ಇಂಥ ಪುಡಿ ಕುಡಿದರೆ ಚಿಂತೆಯಿಲ್ಲ. ಎರಡನೆಯ ಹೊತ್ತಿಗೂ ಅದನ್ನೇ ಕುಡಿಯುವ ಯೋಚನೆಯಿದ್ದರೆ, ಡಬ್ಬವನ್ನೂ ನಿಮ್ಮ ಮಾತ್ರೆಗಳ ಚೀಟಿಯನ್ನೂ ಮೊದಲು ವೈದ್ಯರಿಗೆ ತೋರಿಸಿ.